ಒಂದು ಹಾಡು, ಮೂರು ಪುಸ್ತಕ

(ಆಕಾಶವಾಣಿ ಭಾಷಣ)



ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಗೋಗಿಗೆ ಬಂದಿದ್ದ ನನ್ನ ಮೊಮ್ಮಗಳು ತನ್ನ ಬಟ್ಟೆಬರೆಯ ಜೊತೆಗೆ ಎರಡು ಸಂಗೀತದ ಪುಸ್ತಕಗಳನ್ನೂ ತಂದಿದ್ದಳು. ಆಕೆ ಪಿಯಾನೋ ಕಲಿಯುತ್ತಾಳೆ. ನಮ್ಮ ಮನೆಯಲ್ಲಿ ಆ ವಾದ್ಯವಿಲ್ಲವಾದ್ದರಿಂದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಮೇಜಿನ ಮೇಲೆ ಬೆರಳಾಡಿಸುತ್ತಿದ್ದಳು. ಒಂದು ಮಧ್ಯಾಹ್ನ ಎರಡೂ ಪುಸ್ತಕಗಳನ್ನು ನನ್ನ ಮುಂದೆ ತೆರೆದಿಟ್ಟು, "ಅಜ್ಜಾ, ಎರಡರಾಗೂ ಒಂದೇ ಪೀಸ್ ಅದ, ಆದ್ರ ಇದರಾಗ ಒಂದು ಹೆಚ್ಚಿಗಿ ಅದ. ಯಾವುದು ಖರೇ?" ಎಂದು ಕೇಳಿದಳು.

ಪಾಶ್ಚಾತ್ಯ ಸಂಗೀತದ ಲಿಪಿ ನನಗೆ ಬಾರದು. ಎಣಿಸುವುದು ಮಾತ್ರ ಬರುತ್ತದೆ. ಜರ್ಮನಿಯ ಬಾಖ್ ಎಂಬ ಮಹಾಸಂಗೀತಗಾರ 1722ರಲ್ಲಿ ಸಿದ್ಧಪಡಿಸಿದ ಸಂಗ್ರಹದ ಮೊಟ್ಟಮೊದಲ ರಚನೆ ಅದು. ಲಂಬವಾದ ಗೆರೆಗಳನ್ನೆಳೆದು ಸ್ವರಗಳನ್ನು ಅಳತೆಯ ಮನೆಗಳಾಗಿ ವಿಂಗಡಿಸುವುದು ಅವರ ಪದ್ಧತಿ. ನಮ್ಮ ತಾಳದ ಆವರ್ತಗಳನ್ನು ಹೋಲುವ ಏರ್ಪಾಡೆಂದು ತಿಳಿದುಕೊಳ್ಳಬಹುದು. ಒಂದು ಪುಸ್ತಕದಲ್ಲಿ ಅಂಥ ಮನೆಗಳು 35 ಇದ್ದವು, ಇನ್ನೊಂದರಲ್ಲಿ 36. ಬಾಖ್ ತೀರಿಕೊಂಡದ್ದು 1750ರಲ್ಲಿ; ಆ ಸಂಗ್ರಹ ಮೊದಲು ಅಚ್ಚಾದದ್ದು 1801ರಲ್ಲಿ. ನಡುವಿನ ಅರ್ಧ ಶತಮಾನ ಅದು ಕೈಬರಹದ ಪ್ರತಿಗಳಲ್ಲಿಯೇ ಸಂಚರಿಸಿತು. ಆ ಪ್ರತಿಗಳ ಪೈಕಿ ಹ್ಯಾಂಬರ್ಗಿನ ಶ್ವೆಂಕೆ ಎಂಬ ಸಂಗೀತಗಾರನ ಪ್ರತಿಯಲ್ಲಿ 22ನೆಯ ಮನೆಯ ಮುಂದೆ ಒಂದು ಹೊಸ ಮನೆ ಸೇರಿಕೊಂಡಿದೆ. ಬಾಖ್ ಅಲ್ಲಿ ಮಂದ್ರದ ಸ್ವರವನ್ನು ಒರಟಾಗಿ ನೆಗೆಯಿಸಿದ್ದಾನೆ. ಯಾರದೋ ಕಿವಿಗೆ ಅದು ಹಿತವೆನಿಸದೆ, ನಡುವೆ ಒಂದು ಮೆಟ್ಟಿಲು ಬಿಟ್ಟುಹೋಗಿರಬೇಕೆಂದು ತೋರಿ, ಮೆಟ್ಟಿಲನ್ನು ಕಟ್ಟಿಬಿಟ್ಟಿದ್ದಾರೆ. ಬೆಥೊವೆನ್ನನ ಶಿಷ್ಯನಾದ ಚೆರ್ನಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಪಾದಿಸಿದ ಮುದ್ರಣದಲ್ಲಿಯೂ ಆ ಮನೆ ಉಳಿಯಿತು. ಫ್ರಾನ್ಸಿನ ಗುನೋ ಇದೇ ರಚನೆಯ ಮೇಲೆ ತನ್ನ ಪ್ರಸಿದ್ಧ ಪ್ರಾರ್ಥನಾಗೀತೆಯನ್ನು ಕಟ್ಟಿದಾಗ ಅವನೂ ಅದನ್ನು ಇಟ್ಟುಕೊಂಡ. ಹೀಗಾಗಿ ಬಾಖ್ ಬರೆಯದೆ ಇದ್ದ ಒಂದು ಮನೆ ಲೋಕದ ಕಿವಿಯಲ್ಲಿ ಬಾಖನದಾಗಿಯೇ ನಿಂತಿತು. 1948ರಲ್ಲಿ ಜರ್ಮನಿಯಲ್ಲಿ ಹೆನ್ಲೆ ಎಂಬ ಪ್ರಕಾಶನವೊಂದು ಸ್ಥಾಪಿತವಾದದ್ದೇ ಇಂಥ ಸೇರ್ಪಡೆಗಳನ್ನು ತೆಗೆದು, ರಚನಕಾರನ ಮೂಲಪಾಠವನ್ನು ಮುದ್ರಿಸುವ ಉದ್ದೇಶದಿಂದ.

ಮೊಮ್ಮಗಳ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಬಾಖನ ಸ್ವಹಸ್ತಪ್ರತಿ ಉಳಿದಿದೆ, ಅದರಲ್ಲಿ ಆ ಮನೆಯಿಲ್ಲ, 35 ಖರೇ. ಆದರೆ ಆಕೆ ಎದ್ದುಹೋದ ಮೇಲೆ ನನ್ನ ಮನಸ್ಸು ಬಾಖನನ್ನು ಬಿಟ್ಟು, ನಮ್ಮ ದೇವರ ಮನೆಯ ಗೂಡಿನಲ್ಲಿರುವ ಮೂರು ಪುಸ್ತಕಗಳ ಕಡೆಗೆ ಹೋಯಿತು. ಆ ಮೂರರಲ್ಲಿಯೂ ಒಂದೇ ಹಾಡಿದೆ, ಮೂರರಲ್ಲಿಯೂ ಬೇರೆ ಬೇರೆಯಾಗಿದೆ. ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ'. ಅದನ್ನು ಕೇಳದ ಕನ್ನಡಿಗರಿಲ್ಲ. ಅದರ ಪಾಠದ ಬಗ್ಗೆ ಯೋಚಿಸಿದವರು ಬಹಳ ಮಂದಿ ಇರಲಾರರು. ನಾನೂ ಒಂದು ಕಾಲಕ್ಕೆ ಯೋಚಿಸದೆಯೇ ತೀರ್ಪು ಕೊಟ್ಟವನು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಪುಸ್ತಕಗಳ ವಿಚಾರ. ಒಂದು, ಜಾತ್ರೆಯಲ್ಲಿ ಕೊಂಡ ಭಜನೆಯ ಕಿರುಹೊತ್ತಗೆ. ರಟ್ಟು ಕಿತ್ತುಹೋಗಿ ಮುದ್ರಕರ ಹೆಸರೂ ಉಳಿದಿಲ್ಲ. ಎರಡನೆಯದು ವಿದ್ವಾಂಸರು ಸಂಪಾದಿಸಿದ ಕೀರ್ತನೆಗಳ ದಪ್ಪ ಸಂಪುಟ. ಮೂರನೆಯದು ಸಂಗೀತಾಭ್ಯಾಸಿಗಳಿಗಾಗಿ ಸ್ವರಲಿಪಿಯೊಂದಿಗೆ ಅಚ್ಚುಮಾಡಿದ ಪಠ್ಯ. ಮೂರರಲ್ಲಿಯೂ ಹಾಡಿಗೆ ಐದು ನುಡಿಗಳಿವೆ. ಆದರೆ ನಡುವಿನ ನುಡಿಗಳ ಅನುಕ್ರಮ ಒಂದೇ ಆಗಿಲ್ಲ, ತಲೆಬರಹದ ರಾಗ ಒಂದೇ ಆಗಿಲ್ಲ, ಕೆಲವು ಶಬ್ದಗಳಂತೂ ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ.

ಪುರಂದರದಾಸರ ವಿಷಯದಲ್ಲಿ ಇದು ಅನಿರೀಕ್ಷಿತವೇನಲ್ಲ. ಅವರು ಹರಿಪಾದ ಸೇರಿದ್ದು 1564ರಲ್ಲಿ ಎಂಬುದು ಸಂಪ್ರದಾಯದ ಲೆಕ್ಕ. ನಾಲ್ಕುನೂರು ವರ್ಷ ತುಂಬಿದ 1964ರಲ್ಲಿ ಭಾರತ ಸರಕಾರ ಅವರ ಅಂಚೆಚೀಟಿಯನ್ನು ಹೊರಡಿಸಿತ್ತು. ಮಂಗಳೂರಿನ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚಿಗೆ ತಂದದ್ದು 1850ರ ಸುಮಾರಿಗೆ. ಅಂದರೆ ಬಾಖನಿಗೆ ಅರ್ಧ ಶತಮಾನವಾದರೆ ದಾಸರಿಗೆ ಮೂರು ಶತಮಾನಕ್ಕೆ ಸಮೀಪದ ಅಂತರ. ಅವರ ಸ್ವಹಸ್ತಪ್ರತಿ ಎಂಬ ಮಾತೇ ಇಲ್ಲ. ಆಮೇಲೆ ಉಡುಪಿಯ ಪಾವಂಜೆ ಗುರುರಾಯರು, ಬೆಂಗಳೂರಿನ ಸುಬೋಧ ರಾಮರಾಯರು, ಧಾರವಾಡದ ಕಡೆ ಬೆಟಗೇರಿ ಕೃಷ್ಣಶರ್ಮರು ಮತ್ತು ಬೆಂಗೇರಿ ಹುಚ್ಚರಾಯರು ಈ ಕೆಲಸಕ್ಕೆ ಹೆಗಲು ಕೊಟ್ಟರು. ನಮ್ಮ ನೆರೆಯ ಲಿಂಗಸುಗೂರಿನಲ್ಲಿ ಗೊರೆಬಾಳ ಹನುಮಂತರಾಯರು ವರದೇಂದ್ರ ಹರಿದಾಸ ಸಾಹಿತ್ಯ ಮಂಡಲವನ್ನು ಕಟ್ಟಿ, ಮೂಲೆಗುಂಪಾಗಿದ್ದ ದಾಸರ ಕೃತಿಗಳನ್ನು ಒಂದರ ಹಿಂದೊಂದು ಪ್ರಕಟಿಸಿದರು. ದೊಡ್ಡ ಊರುಗಳ ನೆರವಿಲ್ಲದೆ ನಡೆದ ಆ ಶ್ರಮವನ್ನು ನಾವು ಇನ್ನೂ ತಕ್ಕಷ್ಟು ನೆನೆದಿಲ್ಲ ಎಂಬುದು ನನ್ನ ಭಾವನೆ. ಇವರೆಲ್ಲರಿಗೂ ಆಧಾರವಾಗಿದ್ದದ್ದು ಮನೆಮನೆಯ ಹಾಡಿನ ಹೊತ್ತಗೆಗಳು, ಹಾಡುವವರ ಬಾಯಿ.

ಈಗ ಹಾಡಿನ ತಲೆಬರಹಕ್ಕೆ ಬರೋಣ. ನಮ್ಮ ಮನೆಯ ಸಂಪುಟದಲ್ಲಿ 'ಶ್ರೀರಾಗ' ಎಂದಿದೆ. ಸ್ವರಲಿಪಿಯ ಪುಸ್ತಕದಲ್ಲಿ 'ಮಧ್ಯಮಾವತಿ'. ಇಂದು ಕಚೇರಿಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಮಧ್ಯಮಾವತಿಯೇ. ಕರ್ನಾಟಕ ಪದ್ಧತಿಯಲ್ಲಿ ಈ ಎರಡು ರಾಗಗಳಿಗೂ ಆರೋಹಣ ಒಂದೇ, ಸ ರಿ ಮ ಪ ನಿ ಎಂಬ ಐದು ಸ್ವರಗಳು. ಇಳಿಯುವಾಗ ಮಾತ್ರ ಮಧ್ಯಮಾವತಿ ಅದೇ ಐದರಲ್ಲಿ ಇಳಿಯುತ್ತದೆ, ಶ್ರೀರಾಗ ಗಾಂಧಾರವನ್ನು ಮುಟ್ಟಿ ಬರುತ್ತದೆ. ಶ್ರೀರಾಗದಲ್ಲಿದ್ದ ಹಾಡಿನ ಗಾಂಧಾರವನ್ನು ಜನ ಕ್ರಮೇಣ ಬಿಟ್ಟುಕೊಟ್ಟಿದ್ದರೆ ಅದು ತಾನಾಗಿ ಮಧ್ಯಮಾವತಿಯಾಗಿಬಿಡುತ್ತದೆ. ಹಾಗೆ ಆಗಿರಬಹುದು. ಅಥವಾ ಲಕ್ಷ್ಮಿಗೆ 'ಶ್ರೀ' ಎಂದೇ ಹೆಸರಿರುವುದರಿಂದ ಯಾರೋ ಔಚಿತ್ಯಪ್ರಿಯರು ಆ ಹೆಸರನ್ನು ಮೇಲೆ ಬರೆದಿರಲೂಬಹುದು. ನಮ್ಮ ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಗಾಯಕರು ಹಿಂದುಸ್ತಾನಿ ಪದ್ಧತಿಯವರು. ಹಿಂದುಸ್ತಾನಿಯ ಶ್ರೀರಾಗವೆಂದರೆ ಕೋಮಲ ರಿಷಭ, ತೀವ್ರ ಮಧ್ಯಮಗಳ, ಸಂಜೆಯ ಗಂಭೀರವಾದ ರಾಗ. ದಕ್ಷಿಣದ ಶ್ರೀರಾಗಕ್ಕೂ ಅದಕ್ಕೂ ಹೆಸರಿನ ಹೊರತು ಏನೂ ಸಾಮ್ಯವಿಲ್ಲ. ಪುಸ್ತಕದಲ್ಲಿ ಅಚ್ಚಾದ ಆ ಎರಡಕ್ಷರವನ್ನು ನಂಬಿ ಹಾಡಲು ಕೂತರೆ ಹಾಡು ಗುರುತೇ ಸಿಗಲಾರದು. ಪುಣ್ಯಕ್ಕೆ ಯಾರೂ ಪುಸ್ತಕವನ್ನು ನೋಡಿ ಈ ಹಾಡನ್ನು ಕಲಿಯುವುದಿಲ್ಲ. ಗದಗಿನಿಂದ ಹೋಗಿ ಲೋಕವಿಖ್ಯಾತರಾದ ಭೀಮಸೇನ ಜೋಶಿಯವರ ಕಂಠದಲ್ಲಿ ಕೇಳಿ ಕಲಿತವರೇ ಈ ಕಡೆ ಹೆಚ್ಚು.

ರಾಗದ ಹೆಸರನ್ನಷ್ಟೇ ಮೇಲೆ ಬರೆದು ಉಳಿದದ್ದನ್ನು ಕಂಠಕ್ಕೆ ಬಿಡುವ ಪದ್ಧತಿ ದಾಸರಿಗೆ ಸೀಮಿತವಾದುದಲ್ಲ. ನಮ್ಮ ಗೋಗಿಯ ಚಂದಾಹುಸೇನಿ ದರ್ಗಾದ ಆವರಣದಲ್ಲಿ ವಿಜಾಪುರದ ಆದಿಲಶಾಹಿಯ ಮೊದಲ ಅರಸರ ಸಮಾಧಿಗಳಿವೆ. ಅಲ್ಲಿ ಮಲಗಿರುವ ಮೊದಲನೆಯ ಇಬ್ರಾಹಿಮನ ಮೊಮ್ಮಗನೇ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಮ್. ಸರಸ್ವತಿ, ಗಣಪತಿಯರನ್ನು ಸ್ತುತಿಸಿ ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಸಂಗ್ರಹವನ್ನು ರಚಿಸಿದ ಸಂಗೀತಪ್ರೇಮಿ. ಭೈರವ, ಕಲ್ಯಾಣ, ಕೇದಾರ ಎಂದು ರಾಗದ ಹೆಸರುಗಳು ಅಲ್ಲಿವೆ, ಸ್ವರಗಳಿಲ್ಲ. ನಜೀರ್ ಅಹಮದ್ ಎಂಬ ವಿದ್ವಾಂಸರು ಹಲವು ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಿಸಿದ ಆವೃತ್ತಿ 1956ರಲ್ಲಿ ದೆಹಲಿಯಿಂದ ಹೊರಬಂತು. ಅರಸನ ಹಾಡುಗಳು ಬೆಲೆಬಾಳುವ ಕಾಗದದ ಮೇಲೆ, ನುರಿತ ಲಿಪಿಕಾರರ ಕೈಯಲ್ಲಿ ಅಂದವಾಗಿ ಉಳಿದವು. ಹಾಡುವ ಬಾಯಿ ಇಲ್ಲದಾಯಿತು. ದಾಸರ ಹಾಡಿಗೆ ಆದದ್ದು ಇದರ ವಿಪರ್ಯಾಸ.

ಇನ್ನು ಶಬ್ದಗಳು. ಮೊದಲ ನುಡಿಯಲ್ಲಿ ಲಕ್ಷ್ಮಿ ಗೆಜ್ಜೆಯ ಧ್ವನಿಯೊಂದಿಗೆ ಬರಬೇಕು. ಒಂದು ಪುಸ್ತಕದಲ್ಲಿ ಆಕೆ ಧ್ವನಿಯನ್ನು 'ಮಾಡುತ' ಬರುತ್ತಾಳೆ, ಇನ್ನೊಂದರಲ್ಲಿ 'ತೋರುತ' ಬರುತ್ತಾಳೆ. ಧ್ವನಿಯನ್ನು ತೋರಿಸುವುದೆಂತು ಎಂದು ಆಕ್ಷೇಪಿಸಬಹುದು. ಆಕ್ಷೇಪಿಸುವಂತಿರುವುದೇ ಆ ಪಾಠದ ಪರವಾದ ಸಾಕ್ಷಿ. ಪ್ರತಿಕಾರರು ಕಷ್ಟವಾದುದನ್ನು ಸುಲಭಗೊಳಿಸುತ್ತಾರೆಯೇ ಹೊರತು ಸುಲಭವಾದುದನ್ನು ಕಷ್ಟಗೊಳಿಸುವುದಿಲ್ಲ. 'ತೋರುತ' ಇದ್ದದ್ದು 'ಮಾಡುತ' ಆಗುವುದು ಸಹಜ. 'ಮಾಡುತ' ಇದ್ದದ್ದನ್ನು 'ತೋರುತ' ಎಂದು ತಿದ್ದುವವರು ವಿರಳ. ಎರಡನೆಯ ನುಡಿಯಲ್ಲಿ 'ಮನಕಾಮನೆಯ' ಎಂದು ಒಂದು ಕಡೆ, 'ಮನಕೆ ಮಾನವ' ಎಂದು ಇನ್ನೊಂದು ಕಡೆ. ಮೊದಲನೆಯದಕ್ಕೆ ಅರ್ಥ ನೇರವಾಗಿದೆ. ಎರಡನೆಯದರಿಂದ ಅರ್ಥ ಹೊರಡಿಸಬೇಕಾದರೆ ತುಸು ಹಿಂಡಬೇಕು.

ನನ್ನನ್ನು ಬಹುಕಾಲ ಕಾಡಿದ್ದು ನಾಲ್ಕನೆಯ ನುಡಿಯ ಮೊದಲ ಶಬ್ದ. ದೇವಿ ಎಂಥ ಭಾಗ್ಯವನ್ನು ಕೊಡಬೇಕು? ಸಂಪುಟದಲ್ಲಿ 'ಸಂಖ್ಯೆಯಿಲ್ಲದ' ಭಾಗ್ಯ ಎಂದಿದೆ, ಎಣಿಕೆಗೆ ಸಿಗದ ಸಂಪತ್ತು. ಸ್ವರಲಿಪಿಯ ಪುಸ್ತಕದಲ್ಲಿ 'ಶಂಕೆಯಿಲ್ಲದ' ಭಾಗ್ಯ, ಅಳುಕಿಲ್ಲದ, ಸಂದೇಹವಿಲ್ಲದ ಸಂಪತ್ತು. ರಟ್ಟಿಲ್ಲದ ಕಿರುಹೊತ್ತಗೆಯಲ್ಲಿ 'ಶಂಖೆ' ಎಂದಿದೆ. ಅಂಥ ಶಬ್ದ ಯಾವ ನಿಘಂಟಿನಲ್ಲಿಯೂ ಇಲ್ಲ. ಆದರೆ ಸಂಪಾದಕನಾದವನು ಇಂಥ ತಪ್ಪನ್ನು ಕಂಡಾಗ ಸಂತೋಷಪಡಬೇಕು. ಒಂದು ಶಬ್ದ ಇನ್ನೊಂದಾಗುವ ದಾರಿಯಲ್ಲಿ ಸಿಕ್ಕಿಬಿದ್ದ ಸ್ಥಿತಿಯದು.

1982ರ ಶ್ರಾವಣದ ಮಾತು. ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಗ್ರಂಥಸಂಪಾದನಶಾಸ್ತ್ರದ ಪಾಠಗಳನ್ನು ಆಗತಾನೆ ಕೇಳಿ ತಲೆಯಲ್ಲಿ ತುಂಬಿಕೊಂಡಿದ್ದೆ. ಶುಕ್ರವಾರದ ಪೂಜೆಗೆ ಊರಿಗೆ ಬಂದಿದ್ದಾಗ ನಮ್ಮವ್ವ ಎಂದಿನಂತೆ ಈ ಹಾಡನ್ನು ಹಾಡಿದಳು. ಅವಳಿಗೆ ಓದುಬರಹ ಬಾರದು. ತನ್ನ ತಾಯಿಯಿಂದ ಬಾಯಿಪಾಠವಾಗಿ ಬಂದ ಹಾಡು. 'ಶಂಕಿಯಿಲ್ಲದ' ಎಂದಳು. ಕೊನೆಯ ನುಡಿಯಲ್ಲಿ 'ಶುಕ್ಕುರವಾರ' ಎಂದಳು. ಮಂಗಳಾರತಿಯಾದ ಮೇಲೆ ನಾನು ಸಂಪುಟವನ್ನು ತೆಗೆದು, ಓಣಿಯ ಹೆಣ್ಣುಮಕ್ಕಳೆಲ್ಲ ಕೂತಿರುವಾಗಲೇ, "ಅವ್ವಾ, ಶಂಕಿ ಅಲ್ಲ, ಸಂಖ್ಯೆ. ಶುಕ್ಕುರವಾರ ಅಲ್ಲ, ಶುಕ್ರವಾರ" ಎಂದು ತಿದ್ದಿದೆ. ಅವಳು ಸಿಟ್ಟಾಗಲಿಲ್ಲ. "ಹೌದೇನಪಾ, ನೀ ಓದಿದಾವ. ಹಂಗಾರ ಮುಂದಿನ ವಾರದಿಂದ ತಂಗೀ ಹಾಡಲಿ, ನಾ ಕೇಳ್ತೀನಿ" ಎಂದಳು. ಮುಂದಿನ ವಾರ ತಂಗಿ ಪುಸ್ತಕ ಹಿಡಿದು ಹಾಡಿದಳು. ಅವ್ವ ಆ ಹಾಡನ್ನು ಪೂಜೆಯಲ್ಲಿ ಮತ್ತೆ ಹಾಡಿದ್ದನ್ನು ನಾನು ಕೇಳಲಿಲ್ಲ.

ಹಲವು ವರ್ಷಗಳ ನಂತರ, ಆ ವೇಳೆಗೆ ಅವ್ವ ತೀರಿಕೊಂಡಿದ್ದಳು, ನಾನು ತರಗತಿಯಲ್ಲಿ ಪ್ರಾಸದ ಪಾಠ ಮಾಡುತ್ತಿದ್ದೆ. ಸಾಲಿನ ಎರಡನೆಯ ಅಕ್ಷರ ಪ್ರತಿ ಸಾಲಿನಲ್ಲಿಯೂ ಒಂದೇ ಆಗಿರಬೇಕೆಂಬುದು ಕನ್ನಡದ ಹಳೆಯ ಕಟ್ಟಳೆ. ಅದರ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ಬಿಂದುವಿದ್ದರೆ ವೃಷಭ, ಅಕ್ಷರ ಸಜಾತೀಯ ಒತ್ತಾಗಿದ್ದರೆ ಹಯ ಎಂದು ಛಂದಸ್ಸಿನ ಮೇಷ್ಟ್ರುಗಳೆಲ್ಲ ಹೇಳುವುದನ್ನೇ ಹೇಳುತ್ತಿದ್ದೆ. ಎಲ್ಲರಿಗೂ ತಿಳಿದ ಉದಾಹರಣೆ ಇರಲೆಂದು ಈ ಹಾಡನ್ನು ಎತ್ತಿಕೊಂಡೆ. ಮೊದಲ ನುಡಿಯಲ್ಲಿ ಹೆಜ್ಜೆ, ಗೆಜ್ಜೆ, ಸಜ್ಜನ, ಮಜ್ಜಿಗೆ: ಹಯಪ್ರಾಸ. ಎರಡನೆಯದರಲ್ಲಿ ಕನಕ, ದಿನಕರ, ಜನಕ: ಸಿಂಹಪ್ರಾಸ. ನಾಲ್ಕನೆಯದರಲ್ಲಿ ಕಂಕಣ, ಕುಂಕುಮ, ವೆಂಕಟ: ವೃಷಭಪ್ರಾಸ. ಹಲಗೆಯ ಮೇಲೆ ಬರೆಯುತ್ತ ಆ ನುಡಿಯ ಮೊದಲ ಶಬ್ದಕ್ಕೆ ಬಂದಾಗ ಸುಣ್ಣದ ಕಡ್ಡಿ ನಿಂತಿತು. ಕಂಕಣ, ಕುಂಕುಮ, ವೆಂಕಟಗಳ ಜೊತೆಗೆ ಕೂಡುವುದು 'ಶಂಕೆ'; 'ಸಂಖ್ಯೆ' ಅಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಹಾಗಾದರೆ ಸಕ್ಕರೆ, ಅಕ್ಕರೆ, ಚೊಕ್ಕ ಇವುಗಳ ನಡುವೆ ಶುಕ್ರವಾರ ಹ್ಯಾಂಗ ಕೂಡ್ತದ?" ಕೂಡುವುದಿಲ್ಲ. 'ಶುಕ್ಕುರವಾರ' ಕೂಡುತ್ತದೆ.

ಆ ದಿನ ಉಳಿದ ಪಾಠವನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ.

ಅವ್ವನ ಪಾಠವೇ ಶುದ್ಧ, ಅಚ್ಚಿನದು ಅಶುದ್ಧ ಎಂದು ಸಾರಿಬಿಡುವ ಆಸೆ ನನಗೂ ಆಯಿತು. ಆದರೆ ಆಸೆಯೇ ಸಾಕ್ಷಿಯಲ್ಲ. ಮೂರನೆಯ ನುಡಿಯನ್ನು ನೋಡಿ: ಅಲ್ಲಿ ಅತ್ತಿತ್ತ, ಚಿತ್ತ ಎಂಬುವುಗಳ ಜೊತೆಗೆ ನಿತ್ಯ, ಸತ್ಯ ಎಂಬ ಶಬ್ದಗಳು ನಿರಾತಂಕವಾಗಿ ಕೂತಿವೆ. 'ತ್ತ'ಕ್ಕೆ 'ತ್ಯ' ಸಲ್ಲುವುದಾದರೆ 'ಂಕ'ಕ್ಕೆ 'ಂಖ್ಯ' ಏಕೆ ಸಲ್ಲಬಾರದು? ಒಂದೇ ವರ್ಗದ ಅಕ್ಷರಗಳ ಪ್ರಾಸವನ್ನು ಕವಿರಾಜಮಾರ್ಗಕಾರನೇ ಒಪ್ಪಿಕೊಂಡಿದ್ದಾನೆ. ದಾಸರು ಛಂದಸ್ಸಿನ ಪರೀಕ್ಷೆಗೆ ಕೂತು ಹಾಡು ಕಟ್ಟಿದವರಲ್ಲ. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಕಿವಿಯನ್ನು ನಂಬಿ ಹಾಡಿದವರು. ಕಿವಿಗೆ ಸಂಖ್ಯೆಯೂ ಶಂಕೆಯೂ ನೆರೆಹೊರೆಯವು.

ಅರ್ಥದಿಂದ ನಿರ್ಣಯಿಸೋಣವೆಂದರೆ 'ಶಂಕೆ'ಯ ಪರವಾಗಿ ಆಕರ್ಷಕವಾದ ವಾದವೊಂದು ಸಿದ್ಧವಾಗಿದೆ. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕ ಸಂಪತ್ತನ್ನೆಲ್ಲ ಬಿಟ್ಟು ಪುರಂದರದಾಸನಾದನೆಂಬುದು ಸಂಪ್ರದಾಯದ ಕಥೆ. ಎಣಿಸಲಾರದಷ್ಟನ್ನು ಇಟ್ಟುಕೊಂಡು ನೋಡಿದವನು ಮತ್ತೆ ಎಣಿಕೆಯಿಲ್ಲದ್ದನ್ನೇ ಬೇಡುತ್ತಾನೆಯೇ? ಕಳ್ಳಕಾಕರ, ಸಾಲಗಾರರ, ನಾಳೆಯ ಅಂಜಿಕೆಯಿಲ್ಲದ ಭಾಗ್ಯವನ್ನು ಬೇಡಿರಬೇಕು. ಮಳೆಯನ್ನು ನಂಬಿ ಹತ್ತಿ, ತೊಗರಿ ಬಿತ್ತುವ ನಮ್ಮ ಸೀಮೆಯ ಒಕ್ಕಲು ಮನೆಯವರಿಗೆ ಈ ಅರ್ಥ ಇನ್ನೂ ಬೇಗ ಹಿಡಿಸುತ್ತದೆ. ಈ ವಾದವನ್ನು ನಾನು ಒಂದೆರಡು ಸಭೆಗಳಲ್ಲಿ ಮಂಡಿಸಿ ಚಪ್ಪಾಳೆಯನ್ನೂ ಪಡೆದದ್ದುಂಟು. ಈಗ ನಾಚಿಕೆಯೆನಿಸುತ್ತದೆ. ಹಾಡು ದಾಸರ ಆತ್ಮಕಥೆಯಲ್ಲ; ಶುಕ್ರವಾರದ ದಿನ ಗೃಹಿಣಿಯರು ಲಕ್ಷ್ಮಿಯನ್ನು ಮನೆಗೆ ಕರೆಯುವ ಹಾಡು. ಕನಕದ ಮಳೆಯನ್ನೇ, ತುಪ್ಪದ ಕಾಲುವೆಯನ್ನೇ ಕೇಳುವ ಹಾಡಿಗೆ ಎಣಿಕೆಯಿಲ್ಲದ ಭಾಗ್ಯವನ್ನು ಕೇಳಲು ಸಂಕೋಚವೇನು? ನನಗೆ ಹಿಡಿಸಿದ ಅರ್ಥವನ್ನು ದಾಸರ ಬಾಯಲ್ಲಿಡುವ ನಾನು, ತನಗೆ ಹಿಡಿಸಿದ ಮೆಟ್ಟಿಲನ್ನು ಬಾಖನ ರಚನೆಯಲ್ಲಿಟ್ಟವನಿಗಿಂತ ಹೇಗೆ ಮೇಲು?

ಇದಕ್ಕಿಂತ ತೀಕ್ಷ್ಣವಾದ ಸಂದೇಹವೊಂದು ತಡವಾಗಿ ಹೊಳೆಯಿತು. ನಮ್ಮ ಕಡೆಯ ಆಡುನುಡಿಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ಶ, ಸಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಕೊನೆಯ ಎಕಾರ ಇಕಾರವಾಗುತ್ತದೆ. ಹಾಗಿರುವಾಗ ಅವ್ವನ ಬಾಯಿಯ 'ಶಂಕಿ' ಯಾವ ಶಬ್ದ? 'ಶಂಕೆ'ಯೂ ಆಗಿರಬಹುದು, 'ಸಂಖ್ಯೆ'ಯೂ ಆಗಿರಬಹುದು. ಅವಳು ಬೇರೆ ಪಾಠವನ್ನು ಹೇಳಿದಳೋ, ಪುಸ್ತಕದ ಪಾಠವನ್ನೇ ತನ್ನ ನಾಲಗೆಯಲ್ಲಿ ಹೇಳಿದಳೋ ಎಂಬುದನ್ನು ತಿಳಿಯಲು ಒಂದೇ ಉಪಾಯವಿತ್ತು: "ಅವ್ವಾ, ಶಂಕಿ ಅಂದ್ರ ಏನು?" ಎಂದು ಕೇಳುವುದು. ನಾನು ಕೇಳಲಿಲ್ಲ, ತಿದ್ದಿದೆ. ಓಲೆಗರಿಯ ಒಂದು ಅಕ್ಷರ ಸಂದಿಗ್ಧವಾಗಿದ್ದರೆ ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಕೂರಬೇಕೆಂದು ಕಲಿತಿದ್ದವನು, ಎದುರಿಗೆ ಉಸಿರಾಡುತ್ತ ಕೂತಿದ್ದ ಪ್ರತಿಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ಮುಚ್ಚಿಬಿಟ್ಟೆ.

ತಂಗಿಯನ್ನು ಕೇಳಿ ನೋಡಿದೆ. "ಅದಕ್ಕೇನು ಅರ್ಥ ಅಣ್ಣಾ, ಲಕ್ಷ್ಮೀನ ಕರಿಯೂದು" ಎಂದಳು. ಆಕೆ ಹಾಡುವುದು ನಾನು ಕೊಟ್ಟ ಪುಸ್ತಕದ ಪಾಠವನ್ನೇ. ನಮ್ಮ ಓಣಿಯಲ್ಲಿ ಈಗ ಎಲ್ಲರೂ 'ಸಂಖ್ಯೆ' ಎಂದೇ ಹಾಡುತ್ತಾರೆ.

ದಾಸಸಾಹಿತ್ಯವನ್ನು ಮುದ್ರಿಸುವವರಲ್ಲಿ ನನ್ನದೊಂದು ಕೋರಿಕೆಯಿದೆ. ಪಠ್ಯದ ಮೇಲ್ಭಾಗದಲ್ಲಿ ನಿಮ್ಮ ವಿವೇಚನೆಗೆ ಸರಿತೋರಿದ ಪಾಠವನ್ನು ಇಡಿರಿ, ಯಾವುದಾದರೊಂದನ್ನು ಇಡಲೇಬೇಕಲ್ಲ. ಬಿಟ್ಟ ಪಾಠಗಳನ್ನು ಮಾತ್ರ ಅಡಿಯಲ್ಲಿ ತಪ್ಪದೆ ಕೊಡಿರಿ. ಓಲೆಗರಿಯ ಪ್ರತಿಗೆ ಊರು, ಮನೆ, ಕಾಲಗಳನ್ನು ನಮೂದಿಸುವಂತೆ ಹಾಡಿದವರ ಊರನ್ನೂ ವರ್ಷವನ್ನೂ ನಮೂದಿಸಿರಿ. ರಾಗದ ಹೆಸರು ಪ್ರತಿಯಲ್ಲಿದ್ದದ್ದೋ, ನೀವು ಸೇರಿಸಿದ್ದೋ ಹೇಳಿರಿ. ಹೀಗೆ ಮಾಡಿದರೆ ಪುಸ್ತಕ ದಪ್ಪವಾಗುತ್ತದೆ, ಬೆಲೆ ಏರುತ್ತದೆ ಎಂದು ಪ್ರಕಾಶಕರು ಗೊಣಗುವುದು ನನಗೆ ಗೊತ್ತಿದೆ. ಪಾಠಾಂತರವಿಲ್ಲದ ತೆಳ್ಳನೆಯ ಪುಸ್ತಕದಿಂದ ಒಂದು ಓಣಿಯ ಹಾಡು ಬದಲಾದದ್ದನ್ನೂ ನಾನು ಕಂಡಿದ್ದೇನೆ.

ಮೊಮ್ಮಗಳು ಊರಿಗೆ ಹೋಗುವ ಮುನ್ನ ತನ್ನ ಪುಸ್ತಕದಲ್ಲಿ ಆ ಹೆಚ್ಚಿನ ಮನೆಯ ಸುತ್ತ ಪೆನ್ಸಿಲಿನಿಂದ ಆವರಣ ಹಾಕಿ, ಮೇಲೆ ಶ್ವೆಂಕೆಯ ಹೆಸರನ್ನು ಬರೆದುಕೊಂಡಳು. ಹೊಡೆದುಹಾಕಲಿಲ್ಲ. ಗುನೋನ ಹಾಡಿಗೆ ಜೊತೆ ಬಾರಿಸುವಾಗ ಅದು ಬೇಕಾಗುತ್ತದೆಯಂತೆ. ಆಕೆಯ ಪೆನ್ಸಿಲನ್ನೇ ಇಸಿದುಕೊಂಡು ನಾನು ನಮ್ಮ ಸಂಪುಟವನ್ನು ತೆಗೆದೆ. 'ಸಂಖ್ಯೆ'ಯ ಎದುರಿಗೆ ಅಂಚಿನಲ್ಲಿ ಹೀಗೆ ಬರೆದಿದ್ದೇನೆ: 'ಶಂಕಿ', ಗೋಗಿ, ಅವ್ವನ ಬಾಯಿಂದ, 1982, ಅರ್ಥ ಕೇಳಿಲ್ಲ.